ಅಮ್ಮ ಕಟ್ಟಿದ ರಮ್ಮಿನ ಉಂಡೆ

ನಮ್ಮಮ್ಮ ಅಮ್ಮಾಜಮ್ಮನಂಥ ಇನ್ನೊಬ್ಬ ಹೆಂಗಸನ್ನು ನಾನು ಕಂಡಿಲ್ಲ. ಹೆತ್ತವಳು ಅಂತ ಹೊಗಳುತ್ತಿಲ್ಲ, ಅವಳ ಕೈಯ ಏಟನ್ನೂ ಸಾಕಷ್ಟು ತಿಂದವಳೇ ನಾನು. ಆದರೆ ನಮ್ಮ ಮೇಲೂರಿನ ಗಂಡಸರು ಪಂಚಾಯಿತಿ ಸೇರಿ, ಎಲೆಅಡಿಕೆ ಖಾಲಿ ಮಾಡಿ, ಬಿಡಿಸಲಾಗದೆ ಎದ್ದುಹೋದ ಗಂಟನ್ನು ಅವಳು ಅಡುಗೆಮನೆಯಲ್ಲಿ ಕೂತೇ ಬಿಡಿಸಿದಳು. ಅದನ್ನು ಹೇಳದೆ ಇರಲಾರೆ.

ಗಂಟು ಹಾಕಿದವನು ನನ್ನ ತಮ್ಮ ಚೆನ್ನರಾಯ. ಶಿಡ್ಲಘಟ್ಟದ ರೇಷ್ಮೆ ಇಲಾಖೆಯಲ್ಲಿ ಗುಮಾಸ್ತ. ಟೈಫಾಯ್ಡ್ ಬಂದು ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಮಲಗಿದ, ವಾಸಿಯಾದ, ಆಮೇಲೆ ಅಲ್ಲಿನ ನರ್ಸು ದಯಾಮಣಿಯನ್ನು ರಿಜಿಸ್ಟರ್ ಮದುವೆ ಮಾಡಿಕೊಂಡು ಮನೆಗೆ ಕರಕೊಂಡು ಬಂದ. ಹುಡುಗಿ ಕ್ರೈಸ್ತರವಳು. ಹೆತ್ತವರಿಬ್ಬರೂ ತೀರಿಹೋಗಿದ್ದರು, ಹೋಗಿ ಬರೋಣ ಎನ್ನಲು ತವರೆಂಬುದೇ ಇರಲಿಲ್ಲ.

ನಮ್ಮಪ್ಪ ಮುನಿವೆಂಕಟಪ್ಪ ತಿರುಪತಿಯ ಒಕ್ಕಲು. ಶನಿವಾರ ಬಂತೆಂದರೆ ಮೀಯದೆ, ನಾಮ ಹಾಕದೆ, ಪ್ರಸಾದ ಬಾಯಿಗೆ ಬೀಳದೆ ಒಂದು ತೊಟ್ಟು ನೀರೂ ಮುಟ್ಟದ ಮನುಷ್ಯ. ಒಬ್ಬನೇ ಮಗನನ್ನು ಹೊರಗೆ ಹಾಕಲು ಮನಸ್ಸು ಬರಲಿಲ್ಲ, ಒಳಗೆ ಬಿಟ್ಟುಕೊಳ್ಳಲು ಹಟ ಬಿಡಲಿಲ್ಲ. ಕೊನೆಗೆ ಎರಡು ಕಟ್ಟು ಹಾಕಿದ. ಸೊಸೆ ಅಡುಗೆಮನೆಯ ಹೊಸ್ತಿಲು ದಾಟಬಾರದು, ಅವಳ ಕೈಯ ನೀರು ತಾನು ಕುಡಿಯುವುದಿಲ್ಲ. ಊರಿನವರು ಹೇಳಿ ನೋಡಿದರು. ಅಪ್ಪ ಜಗ್ಗಲಿಲ್ಲ.

ದಯಾಮಣಿ ಅಡುಗೆಮನೆಯ ಹೊಸ್ತಿಲಾಚೆ ಕೂತು ಸೊಪ್ಪು ಬಿಡಿಸಿಕೊಡುವಳು, ಕಾಳು ಆರಿಸಿಕೊಡುವಳು. ರೇಷ್ಮೆ ಹುಳುವಿನ ಮನೆಗೆ ಹಿಪ್ಪುನೇರಳೆ ಸೊಪ್ಪು ಹೊರುವಳು. ಬಿಸಿಲಲ್ಲಿ ಬಂದ ಅಪ್ಪ ನೀರು ಕೇಳಿದಾಗ ಎದ್ದು ನಿಂತು, ಮತ್ತೆ ಕೂತುಬಿಡುವಳು. ಎರಡು ಬೀದಿ ಆಚೆ ಇದ್ದ ನನ್ನ ಗಂಡನ ಮನೆಯಿಂದ ಬಂದಾಗಲೆಲ್ಲ ಅದನ್ನು ನೋಡುತ್ತಿದ್ದೆ. ಅಪ್ಪನ ಜೊತೆ ಜಗಳಕ್ಕೆ ನಿಂತರೆ ಅಮ್ಮ ತಡೆಯುವಳು.

“ಸುಮ್ನಿರೇ ಅಲಮೇಲು. ಹಾವೂ ಸಾಯಬಾರದು, ಕೋಲೂ ಮುರೀಬಾರದು.”

ಮದುವೆಯಾಗಿ ವರ್ಷ ತುಂಬುವ ಹೊತ್ತಿಗೆ ದಯಾಮಣಿಗೆ ಆರು ತಿಂಗಳು. ಕಾರ್ತಿಕ ಕಳೆದ ಒಂದು ದಿನ ಅಮ್ಮ ಅವಳನ್ನು ಕೇಳಿದಳು.

“ಏನಮ್ಮ, ಬಾಯಿಗೆ ಏನು ಬೇಕು ಅನ್ನಿಸ್ತದೆ? ಬಸುರಿ ಬಯಕೆ ಬಚ್ಚಿಟ್ರೆ ಮಗೀಗೆ ಕಿವಿ ಸೋರ್ತದೆ.”

ದಯಾಮಣಿ ತಲೆ ಬಗ್ಗಿಸಿದಳು. ಹುಣಿಸೆಕಾಯಿ ಅಂತಾಳೋ ಮಾವಿನಕಾಯಿ ಅಂತಾಳೋ ಅಂತ ನಾವು ಕಾದರೆ, “ಕ್ರಿಸ್‌ಮಸ್ಸಿಗೆ ನಮ್ಮಮ್ಮ ರಮ್ಮಿನ ಉಂಡೆ ಕಟ್ತಿದ್ರು ಅತ್ತೆ” ಎಂದಳು. ಹೇಳಿದ ಮೇಲೆ ಅವಳಿಗೇ ಹೆದರಿಕೆಯಾಗಿ ಬಾಯಿಗೆ ಸೆರಗು ಅಡ್ಡ ಹಿಡಿದಳು.

ಅಮ್ಮ ಬೆಚ್ಚಲಿಲ್ಲ. ಹೇಗೆ ಮಾಡುವುದು ಎಂದಷ್ಟೇ ಕೇಳಿದಳು. ಬಿಸ್ಕತ್ತು ಪುಡಿ ಮಾಡಬೇಕು, ರಮ್ಮಿನಲ್ಲಿ ನೆನೆದ ದ್ರಾಕ್ಷಿ ಸೇರಿಸಬೇಕು, ಸಕ್ಕರೆ, ಕೋಕೋ ಪುಡಿ, ಮೇಲೆ ಎರಡೇ ಎರಡು ಚಮಚ ರಮ್ಮು, ಉಂಡೆ ಕಟ್ಟಿ ಕೊಬ್ಬರಿ ತುರಿಯಲ್ಲಿ ಹೊರಳಿಸಬೇಕು. ಒಲೆಯ ಕೆಲಸವೇ ಇಲ್ಲ.

“ಅಯ್ಯೋ, ನಮ್ಮ ಎಳ್ಳು ಬೆಲ್ಲದ ಚಿಗಳಿ ಇದ್ದಂಗೆ ಕಣೇ! ಇದಕ್ಕೆ ಇಷ್ಟು ಹೆದರ್ಕೊಂಡಾ?”

ಅಮ್ಮ ಅಪ್ಪನಿಗೂ ಬಚ್ಚಿಡಲಿಲ್ಲ. ಊಟಕ್ಕೆ ಬಡಿಸುತ್ತ ನೇರ ಹೇಳಿದಳು: “ಸೊಸೆ ಬಯಕೆಗೆ ಒಂದು ಸಿಹಿ ಮಾಡ್ತೀನಿ. ಔಷಧಿ ಹಾಕ್ದಂಗೆ ಎರಡು ಚಮಚ ರಮ್ಮು ಬೀಳ್ತದೆ.” ಅಪ್ಪ ತುತ್ತು ಕೈಯಲ್ಲೇ ಹಿಡಿದು ಕೂತ. ಬಸುರಿಯ ಬಯಕೆಗೆ ಅಡ್ಡ ಬರುವ ಗಂಡಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. “ಏನಾದ್ರೂ ಮಾಡ್ಕೊಳ್ಳಿ. ನನ್ನ ಮಾತ್ರ ಕರೀಬೇಡಿ” ಎಂದು ಕೈ ತೊಳೆದ.

ರಮ್ಮು ಬಂದದ್ದು ಗೌರಿಬಿದನೂರಿನಿಂದ. ಅಮ್ಮನ ತಮ್ಮ ಬಯ್ಯಪ್ಪ ಮಿಲಿಟರಿಯಲ್ಲಿ ಹವಾಲ್ದಾರನಾಗಿ ಪೆನ್ಷನ್ ತೆಗೆದುಕೊಂಡವನು. ಅಕ್ಕ ಜೀವಮಾನದಲ್ಲಿ ಮೊದಲ ಸಲ ತನ್ನ ಬಾಟಲಿ ಕೇಳಿದಳೆಂದು ಸಂಭ್ರಮಪಟ್ಟು ತಾನೇ ತಂದುಕೊಟ್ಟ. ಅಮ್ಮ ಒಣದ್ರಾಕ್ಷಿಯನ್ನು ಪಿಂಗಾಣಿ ಭರಣಿಗೆ ಸುರಿದು ಮುಳುಗುವಷ್ಟು ರಮ್ಮು ಹೊಯ್ದು ಬಾಯಿ ಕಟ್ಟಿದಳು. ಘಾಟು ತಗಲಿದರೆ ರೇಷ್ಮೆ ಹುಳು ಸೊಪ್ಪು ತಿನ್ನುವುದನ್ನು ಬಿಡುತ್ತವೆಂದು ಭರಣಿಯನ್ನು ದನದ ಕೊಟ್ಟಿಗೆಯ ಗೂಡಿನಲ್ಲಿಟ್ಟಳು. ಹುಳುವಿನ ಬಗ್ಗೆ ಇದ್ದ ಕಾಳಜಿ ದನದ ಬಗ್ಗೆ ಇರಲಿಲ್ಲವೆಂದು ನಾವು ನಕ್ಕೆವು. ಕೋಕೋ ಪುಡಿಯ ಹೆಸರನ್ನೇ ಶಿಡ್ಲಘಟ್ಟದ ಅಂಗಡಿಯವರು ಕೇಳಿರಲಿಲ್ಲ. “ಬಣ್ಣಕ್ಕೆ ತಾನೆ?” ಎಂದು ಅಮ್ಮ ಹಬ್ಬದ ಹಿಂದಿನ ದಿನ ಗಟ್ಟಿ ಕಾಫಿ ಡಿಕಾಕ್ಷನ್ ಇಳಿಸಿದಳು. ಅದನ್ನು ಬಿಸ್ಕತ್ತಿನ ಪುಡಿಗೆ ಕಲಸಿದಾಗ ದಯಾಮಣಿ ಹೊಸ್ತಿಲಾಚೆಯಿಂದ ಬಗ್ಗಿ ನೋಡಿ, “ಹಿಂಗೇ ಇರೋದು ಅತ್ತೆ, ಇದೇ ಬಣ್ಣ!” ಎಂದು ಚಪ್ಪಾಳೆ ತಟ್ಟಿದಳು. ಆ ಮನೆಯಲ್ಲಿ ಅವಳ ಗಟ್ಟಿ ದನಿ ನಾನು ಕೇಳಿದ್ದು ಅದೇ ಮೊದಲು.

ಕಾಲು ಬಾತಿವೆಯೆಂದು ಅಮ್ಮ ಅವಳನ್ನು ಮಲಗಲು ಕಳಿಸಿದಳು. ಎಡವಟ್ಟಾದದ್ದು ಆಗಲೇ. ದೇವರಿಗೆ ಎಡೆ ಇಡುವ ಮುಂಚೆ ಅಡುಗೆಯನ್ನು ನಾಲಿಗೆಗೆ ತಾಕಿಸುವುದು ನಮ್ಮಮ್ಮನ ಜಾಯಮಾನದಲ್ಲೇ ಇಲ್ಲ. ಉಪ್ಪು, ಹುಳಿ, ಬೆಲ್ಲ ಎಲ್ಲವನ್ನೂ ಮೂಗಿನಲ್ಲೇ ಅಳೆಯುತ್ತಿದ್ದಳು. ಆವತ್ತು ರಮ್ಮಿನ ನಾತಕ್ಕೆ ಮೂಗಿಗೂ ಸೆರಗು ಬಿಗಿದುಕೊಂಡಿದ್ದಳು. ಉಂಡೆ ಕಟ್ಟಲು ಹೋದರೆ ಉದುರಿತು. ತಂಬಿಟ್ಟು ಉದುರಿದರೆ ತುಪ್ಪ ಹೊಯ್ಯುವುದು ವಾಡಿಕೆ. ಅಮ್ಮ ಭರಣಿಯನ್ನೇ ಬಗ್ಗಿಸಿದಳು.

“ಅಮ್ಮಾ, ಎರಡು ಚಮಚ ಅಂದಿದ್ಲು!” ಎಂದೆ.

“ಜಿಗುಟು ಬರದೆ ಉಂಡೆ ನಿಲ್ತದೇನೇ?” ಎಂದು ಇನ್ನಷ್ಟು ಹೊಯ್ದಳು. ಉಂಡೆಗಳು ನಿಂತವು, ಒಂದೊಂದೂ ನಿಂಬೆಹಣ್ಣಿನ ಗಾತ್ರ, ಕೊಬ್ಬರಿ ತುರಿ ಹಚ್ಚಿಕೊಂಡು ಲಕ್ಷಣವಾಗಿ.

ಆ ವರ್ಷ ಕ್ರಿಸ್‌ಮಸ್ ಶನಿವಾರ ಬಿದ್ದಿತ್ತು. ಬೆಳಿಗ್ಗೆ ನಾನು ಹೋಗುವಾಗ ಅಪ್ಪ ಮಿಂದು ನಾಮ ಹಾಕಿ, ನಡುಮನೆಯ ಕಂಬಕ್ಕೆ ಒರಗಿ ಪ್ರಸಾದಕ್ಕೆ ಕಾಯುತ್ತಿದ್ದ. ಚೆನ್ನರಾಯ ಹುಳುವಿನ ಮನೆಯಲ್ಲಿದ್ದ. ಅಮ್ಮ ನಡುಮನೆಗೆ ತಂದಿಟ್ಟ ಉಂಡೆಯ ತಟ್ಟೆಯತ್ತ ದಯಾಮಣಿ ಕೈ ಚಾಚಿದಳು. ಅಮ್ಮ ಅವಳ ಕೈಗೆ ಮೆಲ್ಲಗೆ ಹೊಡೆದಳು.

“ಎಡೆ ಇಡದೆ ಬಾಯಿಗೆ ಹಾಕ್ಕೊಳ್ತಾರೇನೇ? ಯಾರ ಹಬ್ಬ ಇವತ್ತು? ಅವರ ಪಟ ಇದ್ರೆ ತಗೊಂಡ್ ಬಾ.”

ದಯಾಮಣಿ ಮಾವನ ಕಡೆ ನೋಡಿದಳು. “ನಮ್ಮಲ್ಲಿ ಎಡೆ ಇಡಲ್ಲ ಅತ್ತೆ. ಪ್ರಾರ್ಥನೆ ಮಾಡ್ತೀವಿ.”

“ನೀನು ಪ್ರಾರ್ಥನೆ ಮಾಡು. ಎಡೆ ನಾನಿಡ್ತೀನಿ.”

ಟ್ರಂಕಿನ ತಳದಿಂದ ಬಂದ ಪಟ ನಡುಮನೆಯ ದೇವರ ಗೂಡಿನಲ್ಲಿ ವೆಂಕಟರಮಣನ ಪಕ್ಕ ಕೂತಿತು. ವೆಂಕಟರಮಣನಿಗೆ ಅವಲಕ್ಕಿ ಬೆಲ್ಲ, ಇವರಿಗೆ ಉಂಡೆಯ ತಟ್ಟೆ. ಅಪ್ಪ ತನಗೆ ಸಂಬಂಧವಿಲ್ಲವೆಂಬಂತೆ ಮುಖ ಅತ್ತ ತಿರುಗಿಸಿಕೊಂಡ. ದಯಾಮಣಿ ಕಣ್ಣು ಮುಚ್ಚಿ ಅಚ್ಚ ಕನ್ನಡದಲ್ಲಿ ಪ್ರಾರ್ಥಿಸಿದಳು. ಗಂಡನನ್ನು ಕಾಪಾಡು, ಹೊಟ್ಟೆಯ ಮಗುವನ್ನು ಕಾಪಾಡು, ಅತ್ತೆಗೆ ಆಯಸ್ಸು ಕೊಡು ಅಂದಳು. ಆಮೇಲೆ, “ಮಾವನೋರ ಮಂಡಿನೋವು ವಾಸಿ ಮಾಡಪ್ಪ. ದಿನಾ ಕೇಳ್ತಾ ಇದೀನಿ” ಎಂದಳು. ಅಪ್ಪ ಮಂಡಿಯ ಮೇಲಿಂದ ಕೈ ತೆಗೆದ. ನನಗೆ ಅಳು ಬಂದುಬಿಟ್ಟಿತು.

ಅಮ್ಮ ಉಂಡೆಯ ತಟ್ಟೆಯನ್ನು ಸೊಸೆಯ ಕೈಗಿತ್ತಳು. “ಹೋಗು, ಮಾವಂಗೆ ಪ್ರಸಾದ ಕೊಡು.”

ಆಗ ಗೊತ್ತಾಯಿತು ನನಗೆ, ನಮ್ಮಮ್ಮ ಬಯಕೆಯ ನೆಪದಲ್ಲಿ ಎಲ್ಲಿಗೆ ದಾರಿ ಮಾಡಿದ್ದಳು ಅಂತ. ಅಪ್ಪ ಗುಡುಗಿದ: “ಯಾವ ದೇವರ ಪ್ರಸಾದ ಅದು?”

“ನಮ್ಮ ಗೂಡಲ್ಲಿ ಎಡೆ ಇಟ್ಟಿದ್ದು. ಬಾಬಯ್ಯನ ಹಬ್ಬದಾಗ ಮುಲ್ಲಾ ಕೈಲಿ ಓದಿಸಿದ ಸಕ್ಕರೇನ ಕಣ್ಣಿಗೊತ್ತಿಕೊಂಡು ತಿಂತೀರಲ್ಲ, ಅವಾಗ ಕೇಳಿದ್ರಾ ಯಾವ ದೇವರು ಅಂತ?” ಅಮ್ಮನ ದನಿ ಏರಲಿಲ್ಲ. “ಪ್ರಸಾದ ಒಲ್ಲೆ ಅಂತೀರೇನು? ಅನ್ನಿ. ನಾನೂ ಕೇಳ್ತೀನಿ.”

ಪ್ರಸಾದ ಒಲ್ಲೆ ಎನ್ನುವ ನಾಲಿಗೆ ಅಪ್ಪನಿಗಿರಲಿಲ್ಲ. ಸೊಸೆಯ ಮುಖ ನೋಡದೆ ಕೈ ಒಡ್ಡಿದ. ಉಂಡೆಯನ್ನು ಕಣ್ಣಿಗೊತ್ತಿಕೊಂಡು, ಕಚ್ಚಿ ಎಂಜಲು ಮಾಡಬಾರದೆಂದು ಇಡಿಯಾಗಿ ಬಾಯಿಗೆ ಹಾಕಿಕೊಂಡ. ಖಾಲಿ ಹೊಟ್ಟೆ, ಜನ್ಮದಲ್ಲಿ ಹೆಂಡ ಮೂಸದ ಬಾಯಿ, ಭರಣಿಗಟ್ಟಲೆ ರಮ್ಮು ಕುಡಿದ ಉಂಡೆ. ಅಪ್ಪನ ಕಣ್ಣಲ್ಲಿ ನೀರು ಚಿಮ್ಮಿತು, ಕಿವಿ ಕೆಂಪಾದವು. ಉಗುಳುವ ಹಾಗಿಲ್ಲ, ಪ್ರಸಾದ. ಹೇಗೋ ನುಂಗಿದ. ಸಂಕಟ ಬಂದರೆ ಅಪ್ಪನ ಬಾಯಲ್ಲಿ ತೆಲುಗೇ ಬರುವುದು.

“ಅಬ್ಬಬ್ಬಾ, ಏಮಿ ಮಂಟ! ನೀಳ್ಳು! ನೀಳ್ಳಮ್ಮಾ, ನೀಳ್ಳು!”

ಉರಿಗೆ ನೀರು ತರಲೆಂದು ನಾನು ಎದ್ದೆ. ಅಮ್ಮ ನನ್ನ ಸೆರಗು ಹಿಡಿದೆಳೆದು ಕೂರಿಸಿದಳು. ತಾನೂ ಕದಲಲಿಲ್ಲ, ದೀಪದ ಬತ್ತಿ ಸರಿಮಾಡುವವಳ ಹಾಗೆ ನಿಂತಳು. ದಯಾಮಣಿ ಓಡಿದಳು. ಅಡುಗೆಮನೆಯ ಹೊಸ್ತಿಲ ಬಳಿ ಗಕ್ಕನೆ ನಿಂತು ತಿರುಗಿ ಮಾವನನ್ನು ನೋಡಿದಳು.

ಅಪ್ಪ ಗಂಟಲು ಹಿಡಿದುಕೊಂಡೇ ಅವಳನ್ನು ನೋಡಿದ. ಒಂದು ವರ್ಷದಲ್ಲಿ ಮೊದಲ ಸಲ ಮುಖ ಎತ್ತಿ ನೋಡಿದ.

“ನಿಂತ್ಕೊಂಡು ಏನು ನೋಡ್ತೀಯಮ್ಮ? ಒಳಕ್ಕೋಗಿ ತಗೊಂಬಾರಮ್ಮಾ!”

ದಯಾಮಣಿ ಒಳಗೆ ಕಾಲಿಟ್ಟಳು. ನೀರಿನ ಗಡಿಗೆ ಎಲ್ಲಿದೆ, ಚೊಂಬು ಯಾವ ಮೂಲೆಯಲ್ಲಿದೆ ಎಂದು ಅವಳು ಕೇಳಲಿಲ್ಲ. ವರ್ಷವಿಡೀ ಹೊಸ್ತಿಲಾಚೆ ಕೂತು ಅವನ್ನೇ ನೋಡಿದ್ದಳು.