ಬಾಲದ ದೀಪ

ಆಂಬುಲೆನ್ಸ್ ಓಡಿಸುವವಳ ಕೈ ಮುರಿದರೆ ಮನೆಯವರಿಗೆಲ್ಲ ತಲೆ ಕೆಡುತ್ತದೆ. ಎಷ್ಟೋ ವರ್ಷ ಕೆಂಪು ದೀಪಗಳನ್ನು ಸೀಳಿಕೊಂಡು ಓಡಾಡಿದರೂ ಕೂದಲು ಕೊಂಕದವಳು, ಕೊನೆಗೆ ಆಸ್ಪತ್ರೆಯ ಒದ್ದೆ ಮೆಟ್ಟಿಲಲ್ಲಿ ಜಾರಿ ಎಡಗೈ ಮುರಿದುಕೊಂಡಳು. ಪ್ಲಾಸ್ಟರ್ ಬಿಚ್ಚುವ ತನಕ ಇಲ್ಲೇ ಇರಲಿ ಅಂತ ಅಕ್ಕ ತನ್ನ ಮನೆಗೆ ಕರೆತಂದಳು. ವಾರ ಕಳೆಯುವುದರೊಳಗೆ ಅಕ್ಕನಿಗೆ ಸಾಕುಸಾಕಾಯಿತು. ತಂಗಿ ಕೂತಲ್ಲಿ ಕೂರಳು, ನಿಂತಲ್ಲಿ ನಿಲ್ಲಳು. ಒಂದೇ ಕೈಯಲ್ಲಿ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ಹತ್ತಿಸಿ, ಉಪ್ಪು ಯಾವುದು ಸಕ್ಕರೆ ಯಾವುದು ಯಾರಿಗೂ ತಿಳಿಯದ ಹಾಗೆ ಮಾಡಿಟ್ಟಳು. ಬೀದಿಯಲ್ಲಿ ಸೈರನ್ ಕೇಳಿದರೆ ಬಾಲ್ಕನಿಗೆ ಓಡಿ, “ಗೇರ್ ಬದಲಾಯಿಸೋ ದಡ್ಡ!” ಅಂತ ಕೂಗುತ್ತಿದ್ದಳು.

“ನಿಮ್ಮ ರೈಲಿಗಾದ್ರೂ ಸೇರಿಸ್ಕೊಳ್ರೀ ಇವಳನ್ನ,” ಅಂತ ಅಕ್ಕ ಗಂಡನ ಮುಂದೆ ಗೋಳಾಡಿದಳು. “ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದಾಳೆ.”

ಭಾವನದು ಕನ್ನಡಕದ ಅಂಗಡಿ. ಭಾನುವಾರ ಮಾತ್ರ ಆತ ಸ್ಟೇಷನ್ ಮಾಸ್ಟರು. ಮಹಡಿಯ ಎರಡು ಕೋಣೆಗಳಲ್ಲಿ ಸೊಂಟದೆತ್ತರದ ಮೇಜುಗಳ ಮೇಲೆ ಆಟದ ರೈಲಿನ ಒಂಟಿ ಹಳಿ, ಕೋಣೆಗೊಂದು ಸ್ಟೇಷನ್, ನಡುಗೋಡೆಗೆ ಕೊರೆದ ತೂತೇ ಸುರಂಗ. ಈ ಸ್ಟೇಷನ್ನಿನಿಂದ ಗಾಡಿ ಬಿಡಬೇಕಾದರೆ, ಮೊದಲು ಹೋದ ಗಾಡಿ ಪೂರ್ತಿ ಬಂದು ಸೇರಿತು ಅಂತ ಆಚೆ ಸ್ಟೇಷನ್ನಿನವರು ಗಂಟೆ ಬಾರಿಸಬೇಕು. ಆಮೇಲೆಯೇ ಇಲ್ಲಿ ಸಿಗ್ನಲ್ ಹಸಿರು. ಅಲ್ಲಿಯವರೆಗೆ ಕಾಯುವುದು. ನಿಜವಾದ ರೈಲಿನಲ್ಲಿ ಹೇಗೋ ಇಲ್ಲೂ ಹಾಗೇ. ಆಚೆ ಕೋಣೆಯ ಗಂಟೆ, ಸಿಗ್ನಲ್ಲು ಬೀದಿ ತುದಿಯ ಕ್ಷೌರದಂಗಡಿಯವನ ಕೈಯಲ್ಲಿ. ಗೂಡ್ಸ್ ಗಾಡಿ ಓಡಿಸುವವರು ಒಬ್ಬ ಹಲ್ಲಿನ ಡಾಕ್ಟರು. ಆ ಭಾನುವಾರ ತಂಗಿ ಮಹಡಿ ಹತ್ತಿದಾಗ ಡಾಕ್ಟರು ತಮ್ಮ ಕೈಯಾರೆ ಮಾಡಿದ ಇನ್ನೊಂದು ಇಂಜಿನ್ನನ್ನು ಪ್ಯಾಸೆಂಜರ್ ಗಾಡಿಗೆ ಹಚ್ಚಿ, ಅದರ ಗುಂಡಿಯನ್ನು ದೊಡ್ಡ ಮನಸ್ಸು ಮಾಡಿ ಇವಳ ಕೈಗೆ ಕೊಟ್ಟರು.

ಗೂಡ್ಸ್ ಮುಂದೆ ಹೋಯಿತು. ಇವಳ ಸಿಗ್ನಲ್ ಕೆಂಪಾಯಿತು. ಗಂಟೆ ಬರಲಿಲ್ಲ. ಭಾವ ಕನ್ನಡಕ ಒರೆಸುತ್ತಾ ಆರಾಮಾಗಿ ನಿಂತಿದ್ದ. ಇವಳಿಗೋ ಮೈಮೇಲೆ ಇರುವೆ ಬಿಟ್ಟ ಹಾಗೆ. ಹಳಿ ನೋಡಿದಳು, ಸುರಂಗದವರೆಗೂ ಖಾಲಿ. ‘ಯಾರಿದಾರೆ ಇಲ್ಲಿ!’ ಅಂದುಕೊಂಡು ಗುಂಡಿ ತಿರುಗಿಸಿಯೇಬಿಟ್ಟಳು.

ಗೂಡ್ಸು ಗೋಡೆಯ ಆಚೆಗೇ ನಿಂತಿತ್ತು. ಠಣ್ ಅಂತ ಸದ್ದಾಯಿತು, ಹಿಂದೆಯೇ ನೆಲದ ಮೇಲೆ ಇನ್ನೊಂದು ಸದ್ದು.

ಡಾಕ್ಟರು ಬಿದ್ದ ಇಂಜಿನ್ನನ್ನು ಎತ್ತಿ ಬೆಳಕಿಗೆ ತಿರುಗಿಸಿದರು. “ಮುಂದಿನ ಎರಡು ಚಕ್ರ ಹೋಯ್ತು,” ಅಂದರು, ಉಳಿಯದ ಹಲ್ಲಿನ ಬಗ್ಗೆ ಹೇಳುವ ಅದೇ ದನಿಯಲ್ಲಿ.

“ಮುಂದೆ ಏನೂ ಕಾಣಿಸ್ಲಿಲ್ಲ ಭಾವ.”

“ಕಾಣಿಸೋ ಹಾಗಿದ್ರೆ ಸಿಗ್ನಲ್ ಯಾಕಮ್ಮ ಬೇಕಿತ್ತು?”

ಅವಳಿಗೆ ರೇಗಿತು. “ನಾನು ಕೆಂಪಿಗೆಲ್ಲ ನಿಂತ್ಕೊಂಡಿದ್ರೆ ಎಷ್ಟು ಜನ ದಾರೀಲೇ ಕಣ್ಣು ಮುಚ್ತಿದ್ರು, ಗೊತ್ತಾ?”

“ಗೊತ್ತು. ಅಲ್ಲಿ ನಿನ್ನ ಸೈರನ್ ಕೇಳಿ ಉಳಿದೋರು ನಿಲ್ತಾರೆ. ಇಲ್ಲಿ ಡಾಕ್ಟರಿಗೆ ಏನು ಕೇಳಿಸ್ತು?”

ಬಾಗಿಲು ದಢಾರನೆ ಹಾಕಿಕೊಂಡು ಕೆಳಗಿಳಿದಳು. ಆಟದ ಸಾಮಾನಿಗೆ ಇಷ್ಟು ರಾದ್ಧಾಂತವೇ ಅಂತ ಆ ವಾರವೆಲ್ಲ ಅಕ್ಕನ ತಲೆ ತಿಂದಳು. ಆದರೆ ಸ್ನಾನ ಮಾಡುವಾಗ, ಬಟ್ಟೆ ಮಡಚುವಾಗ ಆ ಠಣ್ ಎನ್ನುವ ಸದ್ದು ಬಂದು ನಿಲ್ಲುತ್ತಿತ್ತು. ಸೈರನ್ ಕೇಳಿಸದ ಒಬ್ಬನೇ ಒಬ್ಬ, ಕಿವಿಗೆ ಏನೋ ಸಿಕ್ಕಿಸಿಕೊಂಡವನು, ಎಂದಾದರೂ ಅಡ್ಡ ಬಂದಿದ್ದರೆ? ಅಷ್ಟು ವರ್ಷದಲ್ಲಿ ಈ ಯೋಚನೆ ಅವಳ ಹತ್ತಿರ ಸುಳಿದಿರಲಿಲ್ಲ. ಈಗ ಸುಳಿದದ್ದು ಹೋಗಲೂ ಇಲ್ಲ.

ಮುಂದಿನ ಭಾನುವಾರ ತಾನಾಗಿಯೇ ಮೆಟ್ಟಿಲು ಹತ್ತಿದಳು. “ಆಚೆ ಕೋಣೆ ಸ್ಟೇಷನ್ ನನಗೆ ಕೊಡಿ.”

“ಕೊಡಿ, ಕೊಡಿ,” ಅಂದರು ಡಾಕ್ಟರು ತಡಮಾಡದೆ. “ಅಲ್ಲಿ ಓಡಿಸೋಕೆ ಏನೂ ಇಲ್ಲ.”

ಕ್ಷೌರದಂಗಡಿಯವನಿಗೆ ಗಾಡಿ ಓಡಿಸುವ ಯೋಗ ಬಂತು. ಇವಳು ಗಂಟೆಯ ಮುಂದೆ ಕೂತಳು. ಕಾಯುವುದಕ್ಕಿಂತ ಕಾಯಿಸುವುದು ಇನ್ನೂ ಕಷ್ಟ ಅಂತ ಬೇಗನೆ ತಿಳಿಯಿತು. ಕೂರುವಳು, ಏಳುವಳು, ಪ್ಲಾಸ್ಟರಿನೊಳಗೆ ಪೆನ್ಸಿಲ್ ತೂರಿಸಿ ಕೆರೆದುಕೊಳ್ಳುವಳು. ಮಧ್ಯಾಹ್ನವಾಯಿತು. ಕೆಳಗಿನಿಂದ ಒಗ್ಗರಣೆಯ ವಾಸನೆ ಬಂತು, ಹಿಂದೆಯೇ ಅಕ್ಕನ ಕೂಗೂ ಬಂತು. ಆಗ ಡಾಕ್ಟರ ಗೂಡ್ಸು ಸುರಂಗ ದಾಟಿ ಇವಳ ಸ್ಟೇಷನ್ನಿಗೆ ಬಂದು ನಿಂತಿತು.

ಇವಳು ಬಗ್ಗಿ ನೋಡಿದಳು. ಕೊನೆಯ ಡಬ್ಬಿಯ ಬೆನ್ನಿಗೆ ಸಾಸಿವೆಯಷ್ಟು ಕೆಂಪು ದೀಪವಿರುತ್ತದೆ. ಅದು ಕಂಡರೆ ಗಾಡಿ ಇಡಿಯಾಗಿ ಬಂತು, ನಡುವೆ ಏನೂ ಕಳಚಿ ಉಳಿದಿಲ್ಲ ಅಂತ ಅರ್ಥ. ದೀಪ ಕಾಣಲಿಲ್ಲ. ಗಂಟೆಯ ಮೇಲಿಟ್ಟ ಬೆರಳನ್ನು ಹಿಂದಕ್ಕೆ ತೆಗೆದಳು.

“ಬಂತಲ್ಲ! ಬಾರಿಸು!” ಪಕ್ಕದ ಕೋಣೆಯಿಂದ ಭಾವ ಕೂಗಿದ.

“ಬಾಲದ ದೀಪ ಕಾಣ್ತಿಲ್ಲ.”

“ಡಬ್ಬಿ ಎಲ್ಲಾ ಇದಾವಮ್ಮ. ನನ್ನ ಗಾಡಿ ನನಗೆ ಗೊತ್ತಿಲ್ವಾ?” ಅಂದರು ಡಾಕ್ಟರು.

“ನನಗೆ ಗೊತ್ತಿಲ್ವಲ್ಲ ಸಾರ್.”

“ಹೊಟ್ಟೆ ತಾಳ ಹಾಕ್ತಿದೆ, ಬಾರಿಸೇ,” ಅಂದ ಭಾವ. ನಿಯಮ ಬರೆದವನೇ ಹೀಗೆ ಬೇಡಿಕೊಂಡಿದ್ದು ಕೇಳಿ ಅವಳಿಗೆ ನಗು ಬಂತು, ಮರುಕ್ಷಣ ಸಿಟ್ಟೂ ಬಂತು. ಬಾರಿಸಿದರೆ ಎಲ್ಲರೂ ಊಟಕ್ಕೆ ಏಳಬಹುದು. ಅವಳ ಕಾಲೂ ಅದನ್ನೇ ಹೇಳುತ್ತಿತ್ತು.

“ಸುರಂಗ ನೋಡಿ. ಅಲ್ಲಿವರೆಗೂ ಬಾರಿಸಲ್ಲ,” ಅಂದಳು.

ಭಾವ ಗೊಣಗುತ್ತಲೇ ಟಾರ್ಚ್ ಹಿಡಿದು ಬಗ್ಗಿ, ಗೋಡೆಯ ತೂತಿಗೆ ಕಣ್ಣು ಹಚ್ಚಿದ. ಒಳಗೆ ಇದ್ದದ್ದು ಒಂದು ಸತ್ತ ಜಿರಳೆ, ಅಷ್ಟೇ. ಡಬ್ಬಿಗಳೆಲ್ಲ ಬಂದಿದ್ದವು. ದೀಪದ ತಂತಿ ಸಡಿಲವಾಗಿತ್ತು.

ಅವಳ ಮುಖ ಬಿಸಿಯಾಯಿತು. ಇಡೀ ಬೆಟ್ಟ ಅಗೆಸಿ ಇಲಿ ಹಿಡಿಸಿದಳು ಅಂತಾರೆ ಅಂದುಕೊಂಡಳು. ಭಾವ ಮಂಡಿ ಒರೆಸಿಕೊಂಡು ಎದ್ದ.

“ಏನೂ ಇರ್ಲಿಲ್ಲ. ಆದ್ರೆ ಈಗ ಗೊತ್ತಾಯ್ತು, ಮೊದ್ಲು ಗೊತ್ತಿರ್ಲಿಲ್ಲ. ಬಾರಿಸಮ್ಮ.”

ಬಾರಿಸಿದಳು. ಪಕ್ಕದ ಕೋಣೆಯಲ್ಲಿ ಸಿಗ್ನಲ್ ಹಸಿರಾಯಿತು. ಕ್ಷೌರದಂಗಡಿಯವನು ಉಸ್ಸಪ್ಪಾ ಅನ್ನುತ್ತಾ ಗಾಡಿ ಬಿಟ್ಟ. ಡಾಕ್ಟರು ತಂತಿ ಸರಿಮಾಡುತ್ತಾ, “ಈ ಜಾಗ ಇವಳಿಗೇ ಇರ್ಲಿ,” ಅಂದರು. ಇಂಜಿನ್ ಬಿದ್ದ ಮೇಲೆ ಅವರು ಅವಳ ಮುಖ ನೋಡಿ ಮಾತಾಡಿದ್ದು ಅದೇ ಮೊದಲು.

“ಒಂದು ಮಿಣುಕು ದೀಪಕ್ಕೆ ಮೂರು ಗಂಡಸರನ್ನ ಉಪವಾಸ ಕೆಡವಿದ್ಯಲ್ಲೇ!” ಅಂತ ಬಡಿಸುವಾಗ ಅಕ್ಕ ಬೈದಳು. ತಂಗಿ ಎಲ್ಲರಿಗಿಂತ ಮೊದಲು ತಟ್ಟೆ ಖಾಲಿ ಮಾಡಿ ಎದ್ದಳು. ಉಳಿದವರು ಇನ್ನೂ ಎರಡನೇ ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದಾಗಲೇ ಮೆಟ್ಟಿಲ ಮೇಲಿನಿಂದ ಅವಳ ದನಿ ಬಂತು: “ಮುಂದಿನ ಗಾಡಿ ಯಾರದು? ಬೇಗ ಬನ್ನಿ!”