ಹೊಗೆಯೊಳಗಿನ ಜೇಡ

ಇದು ಲೋಬಾನದ ವಾಸನೆಯಲ್ಲ.

ಬೋರಲು ಹಾಕಿದ ಬಿದಿರು ಪುಟ್ಟಿಯ ಮೇಲೆ ಹಸಿ ಕೂದಲು ಹರಡಿ, ತಲೆ ಬಗ್ಗಿಸಿ ಕೂತಿದ್ದ ಗೀತಾಂಜಲಿಯ ಮೂಗಿಗೆ ಅದು ತಿಳಿಯಿತು. ಪುಟ್ಟಿಯ ಕೆಳಗೆ ಕೆಂಡ. ಅದರಿಂದ ಏಳುತ್ತಿದ್ದುದು ಯಾವುದೋ ಕಾಡಿನ ವಾಸನೆ. ಕೊಟ್ಟೂರಿನ ಸುತ್ತ ಅಂಥ ಮರವೇ ಇಲ್ಲ.

"ಅವ್ವ, ಲೋಬಾನ ಎಲ್ಲಿಂದ ತಗಂಡಿ?"

"ದೇವರ ಜಗಲಿ ಮ್ಯಾಲೆ ಡಬ್ಬ್ಯಾಗಿತ್ತಲ್ಲ. ಹತ್ತ್ಯಾಗ ಸುತ್ತಿತ್ತು. ನಿಮ್ಮಪ್ಪ ಸಂತ್ಯಾಗಿಂದ ತಂದಿಟ್ಟಿರಬೇಕು. ಅಲುಗಬ್ಯಾಡ."

ದೂರ ಒಯ್ಯುವ ಬೆಲೆಯುಳ್ಳ ವಸ್ತುವನ್ನು ಹಿಂದಿನ ದಿನ ದೇವರ ಜಗಲಿಯ ಮೇಲಿಡುವುದು ಆ ಮನೆಯ ಪದ್ಧತಿ. ಎಂ.ಎಸ್ಸಿ. ಓದಿದ ಅವಳು ಅದನ್ನು ನಂಬುವುದಿಲ್ಲ. ಆದರೂ ನಿನ್ನೆ ಆ ಡಬ್ಬಿಯನ್ನು ಇಟ್ಟಿದ್ದಳು, ಯಾರಿಗೂ ಹೇಳದೆ.

ಜೇನಿನ ಬಣ್ಣದ ಆ ತುಂಡು ಅಂಬರ್. ಕೋಟ್ಯಂತರ ವರ್ಷಗಳ ಹಿಂದೆ ಮರದಿಂದ ಒಸರಿ ಕಲ್ಲಾದ ಅಂಟು. ಒಳಗೆ ಸಾಸಿವೆಯಷ್ಟು ಜೇಡ, ಒಂದು ಕಾಲೆತ್ತಿಕೊಂಡು, ಏನೋ ಹೇಳಲು ಹೊರಟು ನಿಂತವರ ಹಾಗೆ. ದಾವಣಗೆರೆ ವಿಶ್ವವಿದ್ಯಾಲಯದ ಪಾಲಾಕ್ಷಪ್ಪ ಸರ್ ನಂಬಿ ಕೊಟ್ಟಿದ್ದರು. ಇವತ್ತು ಮರಳಿ ತಂದು, ಅದರಲ್ಲಿ ಕಂಡದ್ದನ್ನು ತೋರಿಸಿದರೆ ಸಂಶೋಧನೆಗೆ ಸೇರಿಸಿಕೊಳ್ಳುತ್ತೇನೆ ಎಂದಿದ್ದರು.

ಅವ್ವನಿಗೆ ಅವಳು ಹೇಳಿದ್ದು, ದಾವಣಗೆರೆಯಲ್ಲಿ ಕೆಲಸವಿದೆ, ಅಷ್ಟೇ. ಅಷ್ಟಕ್ಕೇ ಅವ್ವ ಎಣ್ಣೆ ಹಚ್ಚಿ ತಲೆಗೆ ನೀರೆರೆದಿದ್ದಳು.

ಪಕ್ಕದ ಮನೆಯ ಶಿವಮ್ಮ ವಾಸನೆ ಹಿಡಿದೇ ಒಳಗೆ ಬಂದಳು.

"ಏನ್ ಘಮ ಐತಿ ನಾಗಲಿಂಗಕ್ಕಾ! ಮಗಳ್ನ ನೋಡಾಕ ಯಾರರ ಬರ್ತಾರೇನು?"

"ಇಲ್ಲಬೇ, ದಾವಣಗೆರಿಗೆ ಹೊಂಟಾಳ. ಯಾಕಂತ ಹೆತ್ತಾಕಿಗೂ ಹೇಳಂಗಿಲ್ಲ. ಬಾಯಾಗ ಬೆಲ್ಲ ಇಟ್ಕಂಡಾಳ."

"ಆ ಲೋಬಾನ ನನಗೂ ಒಂದು ಚೂರು ಕೊಡು, ಸೋಮಾರದ ಪೂಜಿಗಾತು."

"ಎಲ್ಲೈತಿ? ಇದ್ದದ್ನೆಲ್ಲಾ ಇಕಿ ತಲಿಗೇ ಹಾಕೀನಿ."

ಇಬ್ಬರೂ ನಕ್ಕರು. ಗೀತಾಂಜಲಿ ಪುಟ್ಟಿಯ ಅಂಚೆತ್ತಿ ನೋಡಿದಳು. ಕೆಂಡದ ಮೇಲೆ ಕರಿಯ ನೊರೆ. ನಡುವೆ ಒಂದು ಗುಳ್ಳೆ ಎದ್ದು ಒಡೆಯಿತು.

"ಏನಾತು?" ಅವ್ವ ಕೇಳಿದಳು.

"ಏನಿಲ್ಲ."

ಮಾತು ರೂಢಿಯಂತೆ ಬಂದಿತ್ತು. ಈಗ ಹೇಳಿದರೆ ಅವ್ವ ಎದೆ ಬಡಿದುಕೊಳ್ಳುತ್ತಾಳೆ. ಆಮೇಲೆ ಅವ್ವನನ್ನು ತಾನೇ ಸಮಾಧಾನ ಮಾಡಬೇಕು. ಪಾಲಾಕ್ಷಪ್ಪ ಸರ್‌ಗೆ ಏನೆನ್ನುವುದು? ದೇವರ ಮುಂದಿಟ್ಟಿದ್ದೆ ಅಂತಲೇ?

ಕೊನೆಯ ಎಳೆ ಹೊಗೆ ಏಳುತ್ತಿತ್ತು. ಅವಳು ಬಾಗಿ ಅದನ್ನು ಆಳವಾಗಿ ಒಳಗೆಳೆದುಕೊಂಡಳು. ತುಟಿ ಬಿಗಿದಳು.

ಬೀದಿಯ ತುದಿಯಲ್ಲಿ ಬಸ್ಸಿನ ಹಾರನ್ ಕೇಳಿಸಿತು.

"ಏಳವ್ವ, ಬಸ್ಸು ಬಂತು." ಅವ್ವ ಗಲ್ಲ ಹಿಡಿದು ಮುಖ ಎತ್ತಿದಳು. "ಎಂಥಾ ಕೆಲಸಂತ ಈಗರ ಹೇಳಿ ಹೋಗು."

ಬಾಯಿ ತೆರೆದರೆ ಒಳಗಿನ ಆ ಹೊಗೆಯೂ ಹೊರಟುಹೋಗುತ್ತದೆ. ಗೀತಾಂಜಲಿ ಉಸಿರು ಬಿಡದೆ, ಕಣ್ಣಗಲಿಸಿ, ಅವ್ವನನ್ನೇ ನೋಡುತ್ತ ಕೂತಳು.