ಶಿರೈಶಿ ಮನೆಯ ಮುಚ್ಚಳ

ಸುಮಿಯೆ ಏಳನೆಯ ಮುಚ್ಚಳವನ್ನು ಶವಪೆಟ್ಟಿಗೆಯಲ್ಲಿ ಗಂಡ ಉರಾಬೆಯ ಕಾಲ ಬಳಿ ಇಡುತ್ತಿದ್ದಾಗ ಅವನ ಗೆಳೆಯ ಶಿರೈಶಿ ಅವಳ ಕೈ ತಡೆದ.

"ಅತ್ತಿಗೆ, ಏನ್ ಮಾಡ್ತಿದೀರಿ? ಇವೆಲ್ಲ ಉರಾಬೆ ಕೈಬರಹ. ಇದನ್ನ ಯಾರಾದ್ರೂ ಸುಡ್ತಾರಾ?"

"ಅವರೇ ಚೀಟಿ ಬರೆದಿಟ್ಟಿದಾರೆ. ಬೀರುಲಿರೋ ಮುಚ್ಚಳ ಎಲ್ಲಾ ನನ್ ಜೊತೆ ಹೋಗ್ಲಿ ಅಂತ. ಯಾಕೆ ಅಂತ ಬರೆದಿಲ್ಲ. ನಲವತ್ತೆಂಟು ವರ್ಷ ಸಂಸಾರ ಮಾಡಿದೀನಿ, ಯಾವತ್ತು ಯಾಕೆ ಅಂತ ಹೇಳಿದಾರೆ ಅವರು?"

ಹನ್ನೆರಡಕ್ಕೆ ಶವಪೆಟ್ಟಿಗೆ ಮುಚ್ಚಬೇಕು. ಆಗಲೇ ಹನ್ನೊಂದೂವರೆ. ಉರಾಬೆ ಕುಮಾಮೊತೊದ ಅಂಚೆ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಬಿಡುವಿದ್ದಾಗ ಹಳೆಯ ಕತ್ತಿಗಳ ತ್ಸುಬಾ ನೋಡುತ್ತಿದ್ದ. ಹಿಡಿಗೂ ಅಲಗಿಗೂ ನಡುವೆ ಕೂರುವ ಕಬ್ಬಿಣದ ಬಿಲ್ಲೆ ಅದು. ಅದರ ಚಿತ್ತಾರ, ಅಂಚು, ತುಕ್ಕಿನ ಬಣ್ಣ ನೋಡಿ ಯಾವ ನಾಡಿನದು, ಯಾರ ಕೆಲಸ ಎಂದು ಗುರುತಿಸಿ, ಅದನ್ನಿಡುವ ಮರದ ಪೆಟ್ಟಿಗೆಯ ಮುಚ್ಚಳದ ಮೇಲೆ ಕುಂಚದಲ್ಲಿ ಬರೆದುಕೊಡುತ್ತಿದ್ದ. ಬರೆದ ಮೇಲೆ ಮುಗಿಯಿತು, ನಮ್ಮಲ್ಲಿ ಆ ಮುಚ್ಚಳವೇ ಬಿಲ್ಲೆಯ ಜಾತಕ. ಅಂಥ ನಲವತ್ತು ಮುಚ್ಚಳಗಳು, ಬಿಲ್ಲೆಯೂ ಇಲ್ಲದೆ ಪೆಟ್ಟಿಗೆಯೂ ಇಲ್ಲದೆ, ಬರೆದವನ ಬೀರುವಿನಲ್ಲೇ ಯಾಕಿದ್ದವು? ಶಿರೈಶಿಗೆ ತಲೆಬುಡ ಅರ್ಥವಾಗಲಿಲ್ಲ.

ಅವನ ಕಂಕುಳಲ್ಲೂ ಅಂಥದೇ ಒಂದು ಬಿಲ್ಲೆಯ ಪೆಟ್ಟಿಗೆ ಇತ್ತು. ಗೆಳೆಯ ಗುರುತಿಸಿದ ಬಿಲ್ಲೆಗಳಲ್ಲೆಲ್ಲ ಇದೇ ದೊಡ್ಡದೆಂದು ಊರಿಗೆಲ್ಲ ಹೇಳಿಕೊಂಡವನು, ಅದನ್ನು ಅವನ ಫೋಟೋ ಮುಂದೆ ಇಟ್ಟು ಕೈಮುಗಿಯಲೆಂದು ತಂದಿದ್ದ.

"ಭಾನುವಾರ ಬಂತು ಅಂದ್ರೆ ರೈಲು ಹತ್ತೋರು," ಎಂದಳು ಸುಮಿಯೆ. "ಕೈಲಿ ಸಿಹಿ ಪೊಟ್ಟಣ, ಬಗಲಲ್ಲಿ ಬಟ್ಟೆ ಗಂಟು. ಹದಿನೈದು ವರ್ಷ. ಯಾವಳೋ ಇದಾಳೆ ಅನ್ಕೊಂಡಿದ್ದೆ ನಾನು. ಆಮೇಲೆ, ಈ ಮೂತಿಗೆ ಯಾರು ಸಿಕ್ತಾರೆ ಬಿಡು ಅಂತ ಸುಮ್ನಾದೆ."

ಮಗಳು ನಾವೋ ಅಳುತ್ತಿದ್ದವಳು ನಕ್ಕುಬಿಟ್ಟಳು. ಕೈಯಲ್ಲಿದ್ದ ಮುಚ್ಚಳವನ್ನು ತಿರುಗಿಸಿ ನೋಡಿದಳು.

"ಅಮ್ಮ, ಒಳಗಡೆ ಪೆನ್ಸಿಲಲ್ಲಿ ಏನೋ ಬರೆದಿದಾರೆ. 'ಓವಾರಿ ನಾಡಿನದು ಅಂದಿದ್ದೆ. ತಪ್ಪು. ಹೊಸ ಮುಚ್ಚಳ ಕೊಟ್ಟು ಬಂದೆ.'" ಇನ್ನೊಂದನ್ನು ತೆಗೆದಳು. "'ತಪ್ಪು. ಮನೆಯವರು ಬೈದರು. ಕೊಟ್ಟು ಬಂದೆ.'"

ನಲವತ್ತರಲ್ಲೂ ಹಾಗೇ ಇತ್ತು. ರಾಶಿಯ ತಳದಲ್ಲಿ ಮಾತ್ರ ಒಂದು ಬೆಳ್ಳನೆಯ ಹೊಸ ಮುಚ್ಚಳ ಇತ್ತು, ಕಾಗದದಲ್ಲಿ ಸುತ್ತಿ. ಕಾಗದದ ಮೇಲೆ 'ಶಿರೈಶಿ ಮನೆ' ಎಂದಿತ್ತು.

"ಬಿಚ್ಚಬೇಡ," ಎಂದ ಶಿರೈಶಿ.

*

ಮೂವತ್ತೆಂಟು ವರ್ಷದ ಹಿಂದೆ ಶಿರೈಶಿಯ ಅಪ್ಪ ಉಪ್ಪಿನಕಾಯಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಸಾಯುತ್ತ ಮಲಗಿದ್ದ. ದಿಂಬಿನ ಪಕ್ಕದಲ್ಲಿ ಎರಡು ಮೂಲಂಗಿಯ ಚಿತ್ತಾರ ಕೊರೆದ ಬಿಲ್ಲೆ.

"ನಮ್ಮಜ್ಜ ಹೇಳ್ತಿದ್ದ, ಇದು ನಮ್ಮ ಹಿಗೊ ನಾಡಿನ ಬಿಲ್ಲೆ ಕೆಲಸದ ಮೊದಲ ಗುರುವಿಂದು ಅಂತ," ಎಂದ ಮುದುಕ. "ಎಲ್ರೂ ನಗ್ತಾರೆ. ಉಪ್ಪಿನಕಾಯಿ ಮಾರೋರಿಗೆ ಎಲ್ಲಿಂದ ಬಂತು ಅಂತ. ನೀನು ನೋಡಪ್ಪ."

ಉರಾಬೆ ಬಿಲ್ಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಮುದುಕನ ಮುಖ ನೋಡಿದ. ಮಸಿ ತೇಯಲು ಹೇಳಿ, 'ಹಿಗೊ, ಮೊದಲ ಗುರುವಿನ ಕೈಕೆಲಸ' ಎಂದು ಬರೆದುಕೊಟ್ಟ. ಮುದುಕ ಆ ಮುಚ್ಚಳವನ್ನು ಎದೆಯ ಮೇಲಿಟ್ಟುಕೊಂಡೇ ಮೂರನೆಯ ದಿನ ಹೋದ.

*

"ವಾರಕ್ಕೆರಡು ಸಲ ಅಂಗಡಿಗೆ ಬರ್ತಿದ್ದನಲ್ಲ ಇವನು," ಎಂದ ಶಿರೈಶಿ. "ಒಂದ್ ಮಾತು ಹೇಳೋಕೇನಾಗಿತ್ತು? ಊರವ್ರ ಮನೆಗೆಲ್ಲ ರೈಲಲ್ಲಿ ಹೋದ. ನಮ್ಮನೆಗೆ ನಡ್ಕೊಂಡು ಬರೋಕಾಗ್ಲಿಲ್ವಾ?"

"ಬೇರೆಯವ್ರು ಬೈದ್ರೆ ಬೈಸ್ಕೊಂಡು ಬರ್ತಿದ್ರು. ನೀವು ಬೈತಿರ್ಲಿಲ್ಲ. ಅದಕ್ಕೇ ಏನೋ," ಎಂದಳು ಸುಮಿಯೆ. "ಎಲ್ಲಾ ಹಾಕು ಅಂತ ಚೀಟೀಲಿದೆ. ಆದ್ರೆ ಇದರ ಮೇಲೆ ನಿಮ್ಮನೆ ಹೆಸರಿದೆ. ಹಾಗೇ ಹಾಕ್ಬಿಡ್ಲಾ? ನಂಗೆ ಏನೂ ತೋಚ್ತಿಲ್ಲ. ನೀವು ಹೇಳಿದ ಹಾಗೆ."

ಬಿಳಿ ಕೈಗವಸಿನ ಶವಸಂಸ್ಕಾರದವನು ತಗ್ಗಿದ ದನಿಯಲ್ಲಿ, "ಇನ್ನು ಐದು ನಿಮಿಷ," ಎಂದ.

ಓದದಿದ್ದರೆ ಅಪ್ಪ ನಂಬಿದ್ದು ಹಾಗೇ ಉಳಿಯುತ್ತದೆ. ಆದರೆ ಗೆಳೆಯ ಹೇಳಬೇಕೆಂದಿದ್ದ ಕೊನೆಯ ಮಾತು ಇನ್ನು ಸ್ವಲ್ಪ ಹೊತ್ತಿನಲ್ಲಿ ಬೂದಿ. ಶಿರೈಶಿ ಸತ್ತವನ ಮುಖ ನೋಡಿದ. ಅಲ್ಲಿ ಏನೂ ಸಿಗಲಿಲ್ಲ. ಹಾಳಾಗಿ ಹೋಗಲಿ ಎಂದು ಕಾಗದ ಕಿತ್ತ.

'ಎರಡು ಮೂಲಂಗಿ. ಯಾವ ನಾಡೋ, ಯಾರ ಕೈಯೋ, ನನಗೆ ತಿಳಿಯದು. ಒಳ್ಳೆಯ ಕೆಲಸ.'

ಅವನು ಅದನ್ನು ಎರಡು ಸಲ ಓದಿದ. ಸಿಟ್ಟು ಮಾಡಬೇಕೋ ಅಳಬೇಕೋ ಗೊತ್ತಾಗಲಿಲ್ಲ. "ತಿಳಿಯದು ಅಂತೆ, ಅತ್ತಿಗೆ," ಎಂದ. "ಇವನಿಗೆ."

"ಆ ಮಾತು ಅವರ ಬಾಯಲ್ಲಿ ನಾನು ಕೇಳೇ ಇಲ್ಲ," ಎಂದಳು ಸುಮಿಯೆ.

ಶಿರೈಶಿ ತನ್ನ ಪೆಟ್ಟಿಗೆಯ ಹಳದಿಗಟ್ಟಿದ ಮುಚ್ಚಳ ತೆಗೆದು, ಅಪ್ಪನ ಬೆರಳ ಗುರುತಿದ್ದ ಅಂಚನ್ನು ಒಮ್ಮೆ ಸವರಿ, ಗೆಳೆಯನ ತಣ್ಣಗಿನ ಕೈಯ ಕೆಳಗೆ ಸೇರಿಸಿದ. ಸುಮಿಯೆ ಅದರ ಮೇಲೆ ಸೇವಂತಿಗೆ ಇಟ್ಟಳು. ಆಮೇಲೆ ಅವನು ಹೊಸ ಮುಚ್ಚಳವನ್ನು ತನ್ನ ಬಿಲ್ಲೆಯ ಪೆಟ್ಟಿಗೆಯ ಮೇಲಿಟ್ಟು ಕೈ ಬಿಟ್ಟ. ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಮುಚ್ಚಳ ತಕ್ಷಣ ಕೂರಲಿಲ್ಲ, ಒಳಗಿದ್ದ ಗಾಳಿಯ ಮೇಲೆ ಸ್ವಲ್ಪ ಹೊತ್ತು ನಿಂತಿತ್ತು. ಮೂವರೂ ನೋಡುತ್ತಿದ್ದ ಹಾಗೆ ಗಾಳಿ ಸಣ್ಣಗೆ ಹೊರಗೆ ಹೋಯಿತು, ಮುಚ್ಚಳ ತಾನಾಗಿ ಕೆಳಗಿಳಿಯಿತು.